ಆರು ವರ್ಷಕ್ಕೆ ಮೆದುಳಿನ ಬಾಗಿಲು ಮುಚ್ಚುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ 5 ವರ್ಷ 8 ತಿಂಗಳು, ಯುಕೆಜಿ ಮುಗಿಸುತ್ತಿದ್ದಾನೆ. ಮೆದುಳಿನ ಬೆಳವಣಿಗೆ ಶೇ 85ರಷ್ಟು ಆರು ವರ್ಷದೊಳಗೇ ಆಗಿಹೋಗುತ್ತದೆ, ಆಮೇಲೆ ಏನು ಮಾಡಿದರೂ ಅಷ್ಟಕ್ಕಷ್ಟೇ ಎಂದು ಪೋಷಕರ ಸಭೆಯೊಂದರಲ್ಲಿ ಹೇಳಿದರು. ಅಲ್ಲೇ, ಮೆದುಳಿನ ನಡುಭಾಗವನ್ನು ಎಬ್ಬಿಸುತ್ತೇವೆ ಎನ್ನುವ ‘ಮಿಡ್‌ಬ್ರೇನ್ ಆ್ಯಕ್ಟಿವೇಷನ್’ ತರಗತಿಯ ಕರಪತ್ರವನ್ನೂ ಹಂಚಿದರು. ನನ್ನ ಮಗ ಒಂದು ದೋಸೆಯನ್ನು ಎರಡು ತುಂಡು ಮಾಡಿ ಕೊಟ್ಟರೆ ‘ಎರಡು ದೋಸೆ ತಿಂದೆ’ ಎಂದು ಕುಣಿಯುತ್ತಾನೆ. ಎಂಟು ವರ್ಷದ ಅಕ್ಕ ನಗುತ್ತಾಳೆ. 3 ಮತ್ತು 7ನ್ನು ತಿರುಗಿಸಿ ಬರೆಯುತ್ತಾನೆ. ನಾಲ್ಕು ಕೆಲಸ ಹೇಳಿದರೆ ಒಂದನ್ನು ಮಾಡಿ ಆಟಕ್ಕೆ ಹೋಗುತ್ತಾನೆ. ಇವನು ಹಿಂದುಳಿದಿದ್ದಾನೆಯೇ? ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತನಾಡಿ ಎಂದೂ ಹೇಳಿದ್ದಾರೆ. ಉಳಿದಿರುವ ನಾಲ್ಕು ತಿಂಗಳಲ್ಲಿ ನಾವು ಏನು ಮಾಡಬೇಕು? ಒಂದನೇ ತರಗತಿಗೆ ಈಗಲೇ ಸೇರಿಸಬೇಕೇ?
– ದಾವಣಗೆರೆ ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರ ಓದುತ್ತಾ ‘ಉಳಿದಿರುವ ನಾಲ್ಕು ತಿಂಗಳು’ ಎಂಬಲ್ಲಿಗೆ ಬಂದಾಗ ನನಗೆ ಮುಂದಕ್ಕೆ ಹೋಗಲಾಗಲಿಲ್ಲ. ಐದೂವರೆ ವರ್ಷದ ಮಗುವಿನ ತಾಯಿ ಹೀಗೆ ದಿನ ಎಣಿಸುವಂತಾಗಿದ್ದರೆ ಅದಕ್ಕೆ ಕಾರಣ ಮಗುವಲ್ಲ, ಅರ್ಧ ಹೇಳಿ ಬಿಟ್ಟ ಒಂದು ಅಂಕಿ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ದೋಸೆಯ ಲೆಕ್ಕ, ತಿರುಗಿಸಿ ಬರೆದ ಅಂಕಿ, ಅರ್ಧಕ್ಕೇ ಬಿಟ್ಟ ಕೆಲಸ, ಈ ಮೂರೂ ಆ ವಯಸ್ಸಿನ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವಂಥವು, ಇವನ್ನು ಇಟ್ಟುಕೊಂಡು ಮಗು ಹಿಂದುಳಿದಿದೆ ಎನ್ನಲು ಬರುವುದಿಲ್ಲ. ಶೇ 85ರ ಮಾತು ಮಾತ್ರ ಪೂರ್ತಿ ಸುಳ್ಳಲ್ಲ, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ಆ ಅಂಕಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಅಂಗನವಾಡಿ, ಶಿಶುವಿಹಾರಗಳ ವಯಸ್ಸಿನ ಮಕ್ಕಳ ಆರೈಕೆಗೆ ಹೆಚ್ಚು ಗಮನ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ಅಲ್ಲಿ ಹೇಳಲಾಗಿದೆ. ಮೆದುಳಿನ ಗಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಮಾತಿಗೆ ಆಧಾರವೂ ಇದೆ. ನಿಮ್ಮ ತಾಯಿ ಕಾರ್ಡನ್ನೋ ಮಗನ ಹಳೆಯ ಆಸ್ಪತ್ರೆ ಚೀಟಿಗಳನ್ನೋ ತೆಗೆದು ನೋಡಿದರೆ ಅವನ ತಲೆಯ ಸುತ್ತಳತೆ ಎಲ್ಲಾದರೂ ಬರೆದಿರಬಹುದು. ಹುಟ್ಟಿದಾಗ ಸುಮಾರು 34–35 ಸೆಂಟಿಮೀಟರ್ ಇರುವ ಅದು ಒಂದು ವರ್ಷಕ್ಕೆ ಸುಮಾರು 46ಕ್ಕೆ ಏರುತ್ತದೆ. ಐದು ವರ್ಷಕ್ಕೆ 50–51ರ ಆಸುಪಾಸಿನಲ್ಲಿರುತ್ತದೆ. ದೊಡ್ಡವರಾದ ನಿಮ್ಮ ತಲೆಗೆ ಅದೇ ಟೇಪು ಸುತ್ತಿದರೆ 55ರ ಹತ್ತಿರ ಬಂದೀತು. ಹುಟ್ಟುವಾಗ 350–400 ಗ್ರಾಂ ತೂಗುವ ಮೆದುಳು ಆರು ವರ್ಷದ ಹೊತ್ತಿಗೆ ವಯಸ್ಕರ ಮೆದುಳಿನ, ಅಂದರೆ 1,300–1,400 ಗ್ರಾಮಿನ, ಹತ್ತಿರ ಹತ್ತಿರ ಶೇ 90ನ್ನು ಮುಟ್ಟಿರುತ್ತದೆ. ಇಷ್ಟು ನಿಜ. ಆದರೆ ಗೋಡೆ ಎದ್ದು ತಾರಸಿ ಬಿದ್ದ ಮಾತ್ರಕ್ಕೆ ಮನೆಯ ವೈರಿಂಗ್ ಮುಗಿಯಿತೆಂದು ಯಾರೂ ಹೇಳುವುದಿಲ್ಲ. ಗಾತ್ರದ ಶೇಕಡಾವಾರನ್ನು ಆಲೋಚನೆಯ ಶೇಕಡಾವಾರು ಎಂದು ಓದಿದ್ದೇ ನಿಮ್ಮ ಸಭೆಯಲ್ಲಿ ಆದ ತಪ್ಪು.

ಒಳಗಿನ ವೈರಿಂಗ್ ಹೇಗೆ ನಡೆಯುತ್ತದೆ ಎಂಬುದು ಅಂದಾಜಿಗೆ ಸಿಗುವಂಥದ್ದಲ್ಲ, ಅದನ್ನು ಎಣಿಸಿಯೇ ತಿಳಿಯಬೇಕಾಯಿತು. ಷಿಕಾಗೋದ ಮಕ್ಕಳ ನರವೈದ್ಯ ಪೀಟರ್ ಹಟನ್‌ಲಾಕರ್ ಬೇರೆ ಬೇರೆ ವಯಸ್ಸಿನಲ್ಲಿ ತೀರಿಕೊಂಡವರ ಮೆದುಳಿನ ತೆಳುಪದರಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ನರಸಂಧಿಗಳನ್ನು ಎಣಿಸಿ 1979ರಲ್ಲಿ ಪ್ರಕಟಿಸಿದರು. ಹಣೆಯ ಹಿಂದಿನ ಭಾಗದಲ್ಲಿ ಒಂದೆರಡು ವರ್ಷದ ಮಗುವಿನ ನರಸಂಧಿಗಳ ದಟ್ಟಣೆ ದೊಡ್ಡವರದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚಿಗಿತ್ತು. ಅಲ್ಲಿಂದ ಮುಂದೆ ಹದಿಹರೆಯದವರೆಗೂ ಅದು ಇಳಿಯುತ್ತಲೇ ಹೋಗಿತ್ತು. ಅಂದರೆ ನಿಮ್ಮ ಮಗನ ತಲೆಯಲ್ಲಿ ಈಗ ನಡೆದಿರುವುದು ಸೇರಿಸುವ ಕೆಲಸದಷ್ಟೇ ತೆಗೆಯುವ ಕೆಲಸ. ಒತ್ತಾಗಿ ಹುಟ್ಟಿದ ರಾಗಿ ಪೈರನ್ನು ತೆಳುಗೊಳಿಸುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದು: ಬಳಕೆಯಾಗುವ ಸಂಪರ್ಕಗಳು ಗಟ್ಟಿಯಾಗುತ್ತವೆ, ಬಳಕೆಯಾಗದವು ಜಾಗ ಬಿಡುತ್ತವೆ. ಇದರ ಜೊತೆಗೇ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಸುದ್ದಿ ಸಾಗುವ ವೇಗ ಹೆಚ್ಚುತ್ತದೆ. ಈ ಕೆಲಸ ಎಲ್ಲ ಕಡೆಯೂ ಒಟ್ಟಿಗೇ ನಡೆಯುವುದಿಲ್ಲ. ಅಮೆರಿಕದಲ್ಲಿ 13 ಮಕ್ಕಳ ಮೆದುಳನ್ನು ಎರಡೆರಡು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡುತ್ತಾ 4ರಿಂದ 21 ವರ್ಷದವರೆಗಿನ ಬದಲಾವಣೆಯನ್ನು ಜೋಡಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದು ಇದನ್ನೇ: ನೋಡುವ, ಮುಟ್ಟುವ, ಕೈಕಾಲು ಆಡಿಸುವ ಭಾಗಗಳು ಮೊದಲು ಮಾಗುತ್ತವೆ, ಯೋಚಿಸಿ ತಡೆದುಕೊಳ್ಳುವ, ಮುಂದಿನದನ್ನು ಲೆಕ್ಕ ಹಾಕುವ ಹಣೆಯ ಹಿಂದಿನ ಭಾಗ ಬಹಳ ತಡವಾಗಿ. ಅದು ಇಪ್ಪತ್ತರ ಹರೆಯದವರೆಗೂ ಮಾಗುತ್ತಲೇ ಇರುತ್ತದೆ.

ಇನ್ನೊಂದು ಸಂಗತಿ, ನೀವು ಕೇಳದಿದ್ದರೂ ಹೇಳುವೆ. ಮಗುವಿನ ಮೆದುಳು ಶಕ್ತಿಯನ್ನು ಅತಿ ಹೆಚ್ಚು ಸುಡುವುದು ಸುಮಾರು ಐದು ವರ್ಷದ ಹೊತ್ತಿಗೆ. ದೇಹ ದಿನಕ್ಕೆ ಬಳಸುವ ಒಟ್ಟು ಶಕ್ತಿಯಲ್ಲಿ ಶೇ 40ಕ್ಕಿಂತ ಹೆಚ್ಚು ಪಾಲು ಆಗ ಮೆದುಳಿಗೇ ಹೋಗುತ್ತದೆ ಎಂದು 2014ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಎತ್ತರ, ತೂಕಗಳ ಏರಿಕೆ ಬಾಲ್ಯದಲ್ಲೇ ಅತ್ಯಂತ ನಿಧಾನವಾಗುವುದೂ ಇದೇ ಕಾಲದಲ್ಲಿ. ‘ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ’ ಎಂದು ಅಜ್ಜಿಯರು ಗೊಣಗುವುದು ಸಾಮಾನ್ಯವಾಗಿ ಈ ವಯಸ್ಸಿನ ಮಕ್ಕಳ ಬಗ್ಗೆಯೇ.

ಹಾಗಾದರೆ ಮುಚ್ಚುವ ಬಾಗಿಲುಗಳೇ ಇಲ್ಲವೇ? ಇವೆ, ಮತ್ತು ಅವು ಯಾವುವೆಂದು ತಿಳಿದಿರುವುದು ಮುಖ್ಯ. ಮೊದಲನೆಯದು ದೃಷ್ಟಿ. ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟರೆ ಆಮೇಲೆ ತೆರೆದರೂ ಮೆದುಳು ಆ ಕಣ್ಣನ್ನು ಬಳಸಲು ಕಲಿಯುವುದಿಲ್ಲ ಎಂದು ತೋರಿಸಿದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಬಂತು. ಮೆಳ್ಳಗಣ್ಣನ್ನು ‘ಅದೃಷ್ಟ’ ಎಂದು ಬಿಟ್ಟುಬಿಡಬಾರದು, ಬೇಗ ತೋರಿಸಬೇಕು ಎಂದು ಕಣ್ಣಿನ ವೈದ್ಯರು ಒತ್ತಾಯಿಸುವುದು ಇದಕ್ಕೇ. ಇಲ್ಲೂ ಬಾಗಿಲು ಪಟ್ಟನೆ ಮುಚ್ಚಿಕೊಳ್ಳುವುದಿಲ್ಲ. ಹುಟ್ಟಿನಿಂದ ಕಣ್ಣಿನ ಪೊರೆಯಿದ್ದು ಕಾಣದೇ ಬೆಳೆದ ಉತ್ತರ ಭಾರತದ ಬಡ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಅವರ ಕಲಿಕೆಯನ್ನು ಹಿಂಬಾಲಿಸಿದ ಪವನ್ ಸಿನ್ಹಾ ಅವರ ‘ಪ್ರಕಾಶ್’ ಯೋಜನೆಯಲ್ಲಿ, ಎಂಟು ಹತ್ತು ವರ್ಷ ದಾಟಿದ ಮೇಲೆ ದೃಷ್ಟಿ ಪಡೆದವರಿಗೂ ನೋಟದ ತೀಕ್ಷ್ಣತೆ ಪೂರ್ತಿ ಬಾರದಿದ್ದರೂ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವುದು ತಿಂಗಳುಗಳಲ್ಲಿ ಸಾಧ್ಯವಾಯಿತು.

ಎರಡನೆಯದು ಮಾತಿನ ಧ್ವನಿಗಳು. ಇದರಲ್ಲಿ ನಮಗೆ ಹತ್ತಿರದ ಉದಾಹರಣೆಯಿದೆ. ಕೆನಡಾದ ಜಾನೆಟ್ ವರ್ಕರ್ ತಮ್ಮ ಸಂಗಡಿಗರೊಂದಿಗೆ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಎರಡರ ನಡುವೆ ಭೇದವಿಲ್ಲ. ಆರೆಂಟು ತಿಂಗಳ ಶಿಶುಗಳು ವ್ಯತ್ಯಾಸವನ್ನು ಗುರುತಿಸಿದವು. ಹತ್ತು ಹನ್ನೆರಡು ತಿಂಗಳ ಶಿಶುಗಳಲ್ಲಿ ಬಹುಪಾಲು ಗುರುತಿಸಲಿಲ್ಲ. ಅಂದರೆ ನಿಮ್ಮ ಮಗ ‘ಮತ’, ‘ಮಠ’ಗಳನ್ನು ಬೇರೆ ಬೇರೆಯಾಗಿ ಕೇಳುವ ಕಿವಿಯನ್ನು ಮೊದಲ ಹುಟ್ಟುಹಬ್ಬದ ಹೊತ್ತಿಗೇ ಸಿದ್ಧಮಾಡಿಕೊಂಡಿದ್ದ, ಅದೂ ಯಾವ ತರಗತಿಗೂ ಹೋಗದೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಈ ಕಾಲ ನಷ್ಟವಾಗುತ್ತದೆ ಎಂಬ ಕಾರಣದಿಂದಲೇ ನವಜಾತ ಶಿಶುಗಳ ಶ್ರವಣ ತಪಾಸಣೆಗೆ ಅಷ್ಟು ಮಹತ್ವ. ಮೂರನೆಯದು ಮನುಷ್ಯರ ಒಡನಾಟ. ರುಮೇನಿಯಾದ ಬುಖಾರೆಸ್ಟಿನ ಅನಾಥಾಲಯಗಳಲ್ಲಿದ್ದ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳುಹಿಸಿ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಮನೆಗೆ ಬಂದವರು ತಡವಾಗಿ ಬಂದವರಿಗಿಂತ ಬುದ್ಧಿಶಕ್ತಿಯ ಅಳತೆಗಳಲ್ಲಿ ಹೆಚ್ಚು ಚೇತರಿಸಿಕೊಂಡರು.

ನೋಡಿ, ಈ ಪಟ್ಟಿಯಲ್ಲಿ ಓದು, ಬರಹ, ಮಗ್ಗಿಗಳು ಎಲ್ಲೂ ಇಲ್ಲ. ಇವು ಮನುಷ್ಯ ತೀರಾ ಈಚೆಗೆ ಕಂಡುಕೊಂಡ ವಿದ್ಯೆಗಳು. ಐದರಲ್ಲೂ ಕಲಿಯಬಹುದು, ಏಳರಲ್ಲೂ ಕಲಿಯಬಹುದು, ವಯಸ್ಕರ ಶಿಕ್ಷಣದ ತರಗತಿಯಲ್ಲಿ ಅರವತ್ತರಲ್ಲೂ ಕಲಿತವರಿದ್ದಾರೆ. ಎದೆಗೆ ಹತ್ತಿರದ ತಾಯಿ, ಮಾತನಾಡುವ ಅಕ್ಕ, ಕಾಣುವ ಕಣ್ಣು, ಕೇಳುವ ಕಿವಿ, ಇವು ನಿಮ್ಮ ಮಗನಿಗೆ ದಕ್ಕಿವೆ ಎಂದು ನಿಮ್ಮ ಪತ್ರವೇ ಹೇಳುತ್ತದೆ. ನೀವು ಮುಚ್ಚಿಕೊಳ್ಳುತ್ತವೆ ಎಂದು ಹೆದರಿರುವ ಬಾಗಿಲುಗಳು ಬೇರೆ, ನಿಜವಾಗಿ ಮುಚ್ಚುವ ಬಾಗಿಲುಗಳು ಬೇರೆ.

ಈಗ ದೋಸೆಗೆ ಬರೋಣ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ (1896–1980) ಯುವಕನಾಗಿದ್ದಾಗ ಪ್ಯಾರಿಸಿನ ಶಾಲೆಯೊಂದರಲ್ಲಿ ಮಕ್ಕಳ ಬುದ್ಧಿಪರೀಕ್ಷೆಗಳನ್ನು ನಡೆಸುವ ಕೆಲಸಕ್ಕೆ ಸೇರಿದ. ಸರಿ ಉತ್ತರಗಳಿಗೆ ಅಂಕ ಹಾಕುವುದಷ್ಟೇ ಅವನ ಕೆಲಸವಾಗಿತ್ತು. ಆದರೆ ಅವನ ಕುತೂಹಲ ತಪ್ಪು ಉತ್ತರಗಳ ಕಡೆ ಹೊರಳಿತು, ಏಕೆಂದರೆ ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಮಕ್ಕಳು ದೊಡ್ಡವರಿಗಿಂತ ಕಡಿಮೆ ಯೋಚಿಸುವವರಲ್ಲ, ಬೇರೆ ರೀತಿಯಲ್ಲಿ ಯೋಚಿಸುವವರು ಎಂಬ ಅವನ ಜೀವಮಾನದ ಕೆಲಸ ಹುಟ್ಟಿದ್ದು ಹಾಗೆ. ಎರಡು ಒಂದೇ ಅಳತೆಯ ಲೋಟಗಳಲ್ಲಿ ಸಮನಾಗಿ ನೀರು ಹಾಕಿ, ಒಂದರ ನೀರನ್ನು ಉದ್ದನೆಯ ಸಣ್ಣ ಬಾಯಿಯ ಲೋಟಕ್ಕೆ ಮಗುವಿನ ಎದುರಿಗೇ ಬಗ್ಗಿಸಿ, ಈಗ ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಿದರೆ ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಉದ್ದನೆಯದನ್ನೇ ತೋರಿಸುತ್ತದೆ. ನೀರಿನ ಎತ್ತರ ಕಣ್ಣಿಗೆ ಹೊಡೆಯುತ್ತದೆ, ಅಗಲ ಕಡಿಮೆಯಾದದ್ದು ಗಮನಕ್ಕೆ ಬರುವುದಿಲ್ಲ. ನಿಮ್ಮ ಮಗನಿಗೂ ತುಂಡುಗಳ ಎಣಿಕೆ ಕಾಣುತ್ತದೆ, ತುಂಡಿನ ಅಳತೆ ಅವನ ಲೆಕ್ಕಕ್ಕೆ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು, ‘ಹರಿದದ್ದನ್ನು ಮತ್ತೆ ಜೋಡಿಸಿದರೆ ಒಂದೇ ಆಗುತ್ತದಲ್ಲ’ ಎಂದು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಬರುವ ಶಕ್ತಿ ಆರೇಳು ವರ್ಷದ ಸುಮಾರಿಗೆ ಗಟ್ಟಿಯಾಗುತ್ತದೆ. ಅಕ್ಕನ ನಗುವಿನಲ್ಲಿರುವುದು ಅದೇ. ಅವಳೂ ಮೂರು ವರ್ಷದ ಹಿಂದೆ ಎರಡು ದೋಸೆ ತಿಂದೆನೆಂದು ಕುಣಿದಿರಬೇಕು, ಈಗ ಮರೆತಿದ್ದಾಳೆ.

ಪಿಯಾಜೆ ಹೇಳಿದ್ದೆಲ್ಲ ಹಾಗೆಯೇ ನಿಂತಿಲ್ಲ ಎಂಬುದನ್ನೂ ಹೇಳಬೇಕು. 1970ರ ದಶಕದಲ್ಲಿ ಎಡಿನ್‌ಬರೊದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಒಂದು ಚೇಷ್ಟೆಯ ಪ್ರಯೋಗ ಮಾಡಿದರು. ಎರಡು ಸಾಲು ಬಿಲ್ಲೆಗಳನ್ನು ಸಮನಾಗಿ ಜೋಡಿಸಿ, ಒಂದು ಸಾಲನ್ನು ತಾವೇ ಹರಡುವ ಬದಲು ತುಂಟ ಕರಡಿ ಬೊಂಬೆಯೊಂದು ಬಂದು ಸಾಲನ್ನು ಕೆಡಿಸಿತೆಂಬಂತೆ ಆಡಿದರು. ಆಗ ನಾಲ್ಕರಿಂದ ಆರು ವರ್ಷದ ಬಹುಪಾಲು ಮಕ್ಕಳು ಎರಡೂ ಸಾಲಿನಲ್ಲಿ ಅಷ್ಟೇ ಇವೆ ಎಂದರು. ದೊಡ್ಡವರು ಗಂಭೀರವಾಗಿ ಸಾಲನ್ನು ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಹಾಗೆ ಹೇಳಿದವರು ತೀರಾ ಕಡಿಮೆ. ಇದರ ಅರ್ಥ ನಮ್ಮ ತರಗತಿಗಳಲ್ಲಿ ಕೂತು ಬಂದವರಿಗೆ ಬೇಗ ಹೊಳೆಯುತ್ತದೆ: ಮೇಷ್ಟ್ರು ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆಂದರೆ ಮೊದಲ ಉತ್ತರ ತಪ್ಪು ಎಂದೇ ಲೆಕ್ಕ. ಮಗು ಎಷ್ಟೋ ಸಲ ಲೋಟವನ್ನಲ್ಲ, ನಮ್ಮ ಮುಖವನ್ನು ಓದಿ ಉತ್ತರಿಸುತ್ತದೆ. ಹೀಗಾಗಿ ಹಂತಗಳನ್ನು ಮೆಟ್ಟಿಲುಗಳೆಂದು ಭಾವಿಸಿ, ‘ಇವನು ಯಾವ ಮೆಟ್ಟಿಲಲ್ಲಿದ್ದಾನೆ’ ಎಂದು ಅಳೆಯುವುದನ್ನು ಮಕ್ಕಳ ಬೆಳವಣಿಗೆಯನ್ನು ಅಭ್ಯಸಿಸುವ ನಮ್ಮ ಕ್ಷೇತ್ರ ಬಹುಮಟ್ಟಿಗೆ ಬಿಟ್ಟಿದೆ. ಒಂದೇ ಮಗು ಒಂದೇ ವಾರದಲ್ಲಿ ಗೋಲಿಗಳ ವಿಷಯದಲ್ಲಿ ಜಾಣನಂತೆಯೂ ದೋಸೆಯ ವಿಷಯದಲ್ಲಿ ಪೆದ್ದನಂತೆಯೂ ಕಾಣಬಹುದು.

ತಿರುಗಿಸಿ ಬರೆಯುವ ಅಂಕಿಗಳ ಬಗ್ಗೆ ತುಸು ಹೆಚ್ಚು ಹೇಳುತ್ತೇನೆ, ಏಕೆಂದರೆ ಈ ಒಂದು ಕಾರಣಕ್ಕೆ ಮಕ್ಕಳಿಗೆ ಅನವಶ್ಯಕವಾಗಿ ‘ಡಿಸ್ಲೆಕ್ಸಿಯಾ’ (ಓದು–ಬರಹ ಕಲಿಯುವುದರಲ್ಲಿನ ತೊಡಕು) ಎಂಬ ಹಣೆಪಟ್ಟಿ ಅಂಟಿಸುವುದನ್ನು ನಾನು ಆಗಾಗ ನೋಡುತ್ತೇನೆ. ಹುಟ್ಟಿದಾಗಿನಿಂದ ನಿಮ್ಮ ಮಗನ ಕಣ್ಣು ಕಲಿತ ಪಾಠವೇನೆಂದರೆ, ಎಡಕ್ಕೆ ಮುಖ ಮಾಡಿದ ಎತ್ತೂ ಬಲಕ್ಕೆ ಮುಖ ಮಾಡಿದ ಎತ್ತೂ ಒಂದೇ ಎತ್ತು. ಹಿಡಿ ಯಾವ ಕಡೆಗಿದ್ದರೂ ಚೊಂಬು ಚೊಂಬೇ. ಜೀವನದಲ್ಲಿ ಮೊದಲ ಬಾರಿಗೆ ಅಕ್ಷರ, ಅಂಕಿಗಳು ಬಂದು, ಮುಖ ತಿರುಗಿದರೆ ಬೇರೆಯೇ ಆಗಿಬಿಡುತ್ತದೆ ಎಂಬ ವಿಚಿತ್ರ ನಿಯಮವನ್ನು ಹೇರುತ್ತವೆ. ಮೆದುಳು ಹಳೆಯ ಪಾಠವನ್ನು ಮರೆಯಲು ವರ್ಷವಾದರೂ ಬೇಕು. ಆದರೆ 3 ಮತ್ತು 7 ಏಕೆ, 4 ಮತ್ತು 6 ಏಕಲ್ಲ? ಫ್ರಾನ್ಸಿನ ಸಂಶೋಧಕ ಝಾನ್-ಪಾಲ್ ಫಿಷರ್ ಇದನ್ನೇ ಬೆನ್ನುಹತ್ತಿ ನೋಡಿದ್ದಾರೆ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬಿ, ಇ, ಎಫ್, ಕೆ, ಪಿ, ಆರ್ ಇವೆಲ್ಲವುಗಳ ಮುಖ ಬಲಕ್ಕೆ. ಅಂಕಿಗಳಲ್ಲಿ 1, 2, 3, 7, 9ರ ಮುಖ ಎಡಕ್ಕೆ. ಐದಾರು ವರ್ಷದ ಮಕ್ಕಳು ಹೆಚ್ಚಾಗಿ ತಿರುಗಿಸುವುದು ಈ ಎಡಮುಖದವನ್ನೇ. ಯಾರೂ ಹೇಳಿಕೊಡದಿದ್ದರೂ ‘ಬರಹವೆಂದರೆ ಬಲಕ್ಕೆ ಮುಖ ಮಾಡಿರುವುದು’ ಎಂಬ ನಿಯಮವನ್ನು ಅವರು ತಾವೇ ಹೆಕ್ಕಿಕೊಂಡು, ಅದನ್ನು ಅಗತ್ಯಕ್ಕಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿರುತ್ತಾರೆ. ನಿಮ್ಮ ಮಗ ಮಾಡಿದ್ದು ತಪ್ಪೇ, ಆದರೆ ನಿಯಮ ಕಂಡುಹಿಡಿಯುವ ಮನಸ್ಸಿನ ತಪ್ಪು.

ಕನ್ನಡದ ಅಕ್ಷರಗಳಲ್ಲಿ ತೊಡಕು ಬೇರೆ ಬಗೆಯದು. ‘ವ’ದ ಬಾಲವೊಂದು ಮೇಲಕ್ಕೆದ್ದರೆ ‘ಮ’. ಅದೇ ‘ವ’ಕ್ಕೆ ಕೊಂಬು ಕೊಟ್ಟರೆ ‘ವು’. ‘ವು’ ಮತ್ತು ‘ಮ’ಗಳನ್ನು ಪಕ್ಕಪಕ್ಕದಲ್ಲಿ ಬರೆದು ಮಗುವಿನ ಕಣ್ಣಿನಿಂದ ಒಮ್ಮೆ ನೋಡಿ, ಎಷ್ಟು ಸೂಕ್ಷ್ಮವಾದ ಭೇದಕ್ಕೆ ನಾವು ಪೆಟ್ಟು ಕೊಡುತ್ತೇವೆಂದು ತಿಳಿಯುತ್ತದೆ. ‘ಸೂರ್ಯ’ ಎನ್ನುವಾಗ ಬಾಯಲ್ಲಿ ಮೊದಲು ಬರುವ ‘ರ್’ ಬರಹದಲ್ಲಿ ಅರ್ಕಾವತ್ತಾಗಿ ‘ಯ’ದ ಹಿಂದೆ ಕೂರುತ್ತದೆ, ಕಿವಿಗೆ ಒಂದು ಕ್ರಮ, ಕೈಗೆ ಇನ್ನೊಂದು. 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೇ 400 ದಾಟುತ್ತದೆ, ಒತ್ತಕ್ಷರ ಬೇರೆ. ಬೆಂಗಳೂರಿನಲ್ಲಿ ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಬರಹದ ಮುಖ್ಯ ಕಾಣ್ಕೆಯೆಂದರೆ, ಅಕ್ಷರಗಳ ಪೂರ್ತಿ ಹಿಡಿತ ಬರಲು ಒಂದೆರಡು ವರ್ಷ ಸಾಲದು, ಅದು ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದು. ಇಂಗ್ಲಿಷಿನ 26 ಅಕ್ಷರಗಳ ವೇಗವನ್ನು ಅಳತೆಗೋಲಾಗಿ ಹಿಡಿದು ಯುಕೆಜಿಯಲ್ಲೇ ಒತ್ತಕ್ಷರ ಮುಗಿಸಬೇಕೆನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

‘ಶೂ ಬಿಚ್ಚು, ಕೈಕಾಲು ತೊಳೆ, ಟಿಫಿನ್ ಡಬ್ಬಿ ಸಿಂಕಿಗೆ ಹಾಕು, ಆಮೇಲೆ ಪುಸ್ತಕ ತೆಗಿ’ ಎಂದರೆ ಶೂ ಬಿಚ್ಚಿ ಅಂಗಳಕ್ಕೆ ಓಡುವ ಮಗುವಿಗೆ ಸೊಕ್ಕೂ ಇಲ್ಲ, ಸೋಮಾರಿತನವೂ ಇಲ್ಲ. ಹೇಳಿದ್ದನ್ನು ಕ್ರಮವಾಗಿ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ಐದು ವರ್ಷಕ್ಕೆ ಚಿಕ್ಕದು: ಹೇಳಿದ ಅಂಕಿಗಳನ್ನು ಹಾಗೆಯೇ ಮರಳಿ ಹೇಳಲು ಕೇಳಿದರೆ ಈ ವಯಸ್ಸಿನ ಮಗು ಸುಮಾರು ನಾಲ್ಕನ್ನು ಹೇಳುತ್ತದೆ, ದೊಡ್ಡವರು ಏಳರಷ್ಟನ್ನು. ನಾಲ್ಕು ಅಂಕಿಗಿಂತ ನಾಲ್ಕು ಕೆಲಸ ಬಹಳ ಭಾರ. ಅದಕ್ಕಿಂತ ದೊಡ್ಡ ತೊಡಕು ತಿಳಿದದ್ದನ್ನು ಮಾಡುವುದರಲ್ಲಿದೆ. ಕೆಂಪು, ನೀಲಿ ಚಿತ್ರಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದ ಮೂರು ವರ್ಷದ ಮಗುವಿಗೆ ‘ಈಗ ಆಕಾರದ ಆಟ, ಮೊಲ ಇಲ್ಲಿ, ದೋಣಿ ಅಲ್ಲಿ’ ಎಂದರೆ, ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳಿಯೂ ಕೈ ಮಾತ್ರ ಬಣ್ಣದ ಪ್ರಕಾರವೇ ಹಾಕುತ್ತಾ ಹೋಗುತ್ತದೆ. ಐದರ ಹೊತ್ತಿಗೆ ಹೆಚ್ಚಿನವರು ಬದಲಾಯಿಸಿಕೊಳ್ಳುತ್ತಾರೆ. ಕೈಯನ್ನು ತಡೆಯುವ ಆ ಶಕ್ತಿ ತಡವಾಗಿ ಮಾಗುವ ಹಣೆಯ ಹಿಂದಿನ ಭಾಗದ್ದೇ. ನಮ್ಮ ಕೆರೆ–ದಡ ಆಟ ಇದಕ್ಕೆ ಹೇಳಿ ಮಾಡಿಸಿದಂತಿದೆ: ಗೆರೆಯ ಮೇಲೆ ನಿಂತ ಮಕ್ಕಳು ‘ಕೆರೆ, ದಡ, ಕೆರೆ, ದಡ’ ಎಂಬ ಲಯಕ್ಕೆ ಹಾರುತ್ತಾ ಹಾರುತ್ತಾ, ಹೇಳುವವರು ಥಟ್ಟನೆ ‘ದಡ, ದಡ’ ಎಂದಾಗ ಹಾರಲು ಎದ್ದ ಕಾಲನ್ನು ಹಿಡಿದುಕೊಳ್ಳಬೇಕು. ನಾಲ್ಕು ವರ್ಷದವರು ಕೆರೆಗೆ ಬಿದ್ದು ಔಟಾಗುತ್ತಾರೆ, ಏಳು ವರ್ಷದವರು ತೂಗಾಡಿ ನಿಲ್ಲುತ್ತಾರೆ. ಸಂಜೆ ಹತ್ತು ನಿಮಿಷ ಅಕ್ಕ–ತಮ್ಮ ಇದನ್ನು ಆಡಲಿ. ಇದರಿಂದ ಗಣಿತದ ಅಂಕ ಏರುತ್ತದೆಂದು ನಾನು ಹೇಳುವುದಿಲ್ಲ, ಆದರೆ ಮಗುವಿನ ಈ ಶಕ್ತಿ ತಿಂಗಳಿಂದ ತಿಂಗಳಿಗೆ ಹೇಗೆ ಬಲಿಯುತ್ತದೆಂದು ನಿಮ್ಮ ಕಣ್ಣಿಗೇ ಕಾಣುತ್ತದೆ. ಕೆಲಸವನ್ನು ಒಂದೊಂದಾಗಿ ಹೇಳಿ.

ಅವನು ಈಚೆಗೆ ಸುಳ್ಳು ಹೇಳಲು ಶುರು ಮಾಡಿದ್ದಾನೆಯೇ? ಮಾಡಿದ್ದರೆ ಗದರಿಸಿ, ಆದರೆ ಒಳಗೊಳಗೇ ಸ್ವಲ್ಪ ಸಮಾಧಾನವನ್ನೂ ಪಡಿ. ನನಗೆ ತಿಳಿದದ್ದು ಅಮ್ಮನಿಗೆ ತಿಳಿಯದೇ ಇರಬಹುದು ಎಂಬ ಅರಿವು ಮಕ್ಕಳಲ್ಲಿ ಗಟ್ಟಿಯಾಗುವುದು ಸುಮಾರು ನಾಲ್ಕರಿಂದ ಐದು ವರ್ಷದ ನಡುವೆ. ಅದಿಲ್ಲದೆ ನಂಬುವಂಥ ಸುಳ್ಳು ಹೇಳುವುದೂ ಕಷ್ಟ, ಇನ್ನೊಬ್ಬರ ಮನಸ್ಸನ್ನು ಊಹಿಸುವುದೂ ಕಷ್ಟ.

ಮಿಡ್‌ಬ್ರೇನ್ ಆ್ಯಕ್ಟಿವೇಷನ್ ಬಗ್ಗೆ ನನ್ನದು ಮುಚ್ಚುಮರೆಯಿಲ್ಲದ ಅಭಿಪ್ರಾಯ: ದುಡ್ಡು ಕೊಡಬೇಡಿ. ಮೆದುಳಿನ ಕಾಂಡದ ಮೇಲ್ಭಾಗದಲ್ಲಿರುವ ಮಿಡ್‌ಬ್ರೇನ್ ಎಂಬ ಈ ಪುಟ್ಟ ಭಾಗ ಕಣ್ಣುಗಳ ಚಲನೆ, ಸದ್ದಿನ ಕಡೆ ತಿರುಗುವುದು ಮುಂತಾದವನ್ನು ನೋಡಿಕೊಳ್ಳುತ್ತದೆ. ಹೆರಿಗೆಯಾದ ಸ್ವಲ್ಪ ಹೊತ್ತಿಗೆ ವೈದ್ಯರು ಶಿಶುವಿನ ಕಣ್ಣಿಗೆ ಟಾರ್ಚ್ ಬಿಟ್ಟಾಗ ಪಾಪೆ ಕಿರಿದಾಯಿತಲ್ಲ, ಅದು ಮಿಡ್‌ಬ್ರೇನ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಹುಟ್ಟಿದ ದಿನವೇ ಕೆಲಸಕ್ಕೆ ಹಾಜರಾದದ್ದನ್ನು ಐದು ವರ್ಷದ ಮೇಲೆ ಎಬ್ಬಿಸುತ್ತೇವೆಂದು ಹೇಳುವುದು ಎಂಥ ಮಾತು? ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮಕ್ಕಳು ಬಣ್ಣ, ಅಕ್ಷರಗಳನ್ನು ಹೇಳುವ ಪ್ರದರ್ಶನಕ್ಕೆ ಪಟ್ಟಿಯ ಕೆಳಗೆ ಮೂಗಿನ ಪಕ್ಕ ಉಳಿಯುವ ಸಂದಿಯೇ ಸಾಕು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಹಿರಂಗವಾಗಿಯೇ ಪ್ರಶ್ನಿಸುತ್ತಾ ಬಂದಿದ್ದಾರೆ. ನನಗೆ ಹೆಚ್ಚು ಸಂಕಟವಾಗುವುದು ದುಡ್ಡಿಗಲ್ಲ. ಇಣುಕಿ ನೋಡಿ ‘ಕಾಣದೆಯೇ ಓದಿದೆ’ ಎನ್ನುವುದನ್ನು ದೊಡ್ಡವರೇ ಮಗುವಿಗೆ ಅಭ್ಯಾಸ ಮಾಡಿಸುವುದಕ್ಕೆ.

ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದ್ದೀರಿ. ನಿಮಗೆ ತಡೆಯಿಲ್ಲದೆ ಬರುವ ಭಾಷೆ. ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮನೆಮಾತನ್ನು ಧ್ವನಿಮುದ್ರಿಸಿಕೊಂಡು ಅಮೆರಿಕದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಥೆ ಕೇಳುವಾಗ ಮೆದುಳಿನ ಭಾಷೆಯ ಭಾಗ ಎಷ್ಟು ಚುರುಕಾಗುತ್ತದೆ ಎಂಬುದಕ್ಕೆ ಸಂಬಂಧ ಕಂಡದ್ದು ಮಗುವಿನ ಕಿವಿಗೆ ಬಿದ್ದ ಪದಗಳ ಸಂಖ್ಯೆಗಲ್ಲ, ಮಗು ಮತ್ತು ದೊಡ್ಡವರ ನಡುವೆ ಮಾತು ಎಷ್ಟು ಸಲ ಹೋಗಿ ಬಂತು ಎಂಬುದಕ್ಕೆ. ‘ಕಮ್, ಸಿಟ್, ಈಟ್’ ಎಂಬ ಆಜ್ಞೆಗಳಲ್ಲಿ ಮಾತು ಹೋಗುತ್ತದೆ, ಮರಳಿ ಬರುವುದಿಲ್ಲ. ಸೊಪ್ಪು ಬಿಡಿಸುತ್ತಾ ‘ಇವತ್ತು ಬಸ್ಸಿನಲ್ಲಿ ಯಾರ ಪಕ್ಕ ಕೂತೆ, ಅವನು ಏಕೆ ಅತ್ತ’ ಎಂದು ಕನ್ನಡದಲ್ಲಿ ಕೇಳಿದರೆ ಕಾರಣ ಹುಡುಕುವ, ಕ್ರಮವಾಗಿ ಹೇಳುವ ಕೆಲಸ ತಾನೇ ನಡೆಯುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಬರಲಿ, ಅದಕ್ಕೆ ಅಡ್ಡಿಯಿಲ್ಲ.

ಆ ಕರಪತ್ರದ ಶುಲ್ಕದಲ್ಲಿ ಒಂದಿಷ್ಟು ಭಾಗವನ್ನು ಬೇರೆ ಕಡೆ ಖರ್ಚು ಮಾಡುವುದಾದರೆ ಒಂದು ರಕ್ತಪರೀಕ್ಷೆ ಮಾಡಿಸಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67.1 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಕೊರತೆ ಅದರ ದೊಡ್ಡ ಕಾರಣಗಳಲ್ಲೊಂದು. ಕಬ್ಬಿಣ ಬೇಕಾಗಿರುವುದು ರಕ್ತಕ್ಕಷ್ಟೇ ಅಲ್ಲ, ಮೇಲೆ ಹೇಳಿದ ಮಯಲಿನ್ ಹೊದಿಕೆಗೂ ಬೇಕು. ಶೈಶವದಲ್ಲಿ ಈ ಕೊರತೆ ತೀವ್ರವಾಗಿದ್ದ ಕೋಸ್ಟಾರಿಕಾದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಬೆಟ್ಸಿ ಲೋಜಾಫ್ ಅವರಿಗೆ, ಆಮೇಲೆ ರಕ್ತ ಸರಿಹೋದರೂ ಕಲಿಕೆಯಲ್ಲಿ ಹಿನ್ನಡೆ ಉಳಿದದ್ದು ಕಂಡಿತು. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿ, ಊಟದ ಜೊತೆಗೆ ಚಹಾ ಕೊಡುವ ರೂಢಿಯಿದ್ದರೆ ಬಿಡಿಸಿ, ಶಾಲೆ–ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ. ಕರಪತ್ರ ಹಂಚುವವರು ಇದನ್ನು ಹೇಳುವುದಿಲ್ಲ, ಇದರಲ್ಲಿ ಅವರಿಗೆ ಏನೂ ಗಿಟ್ಟುವುದಿಲ್ಲ.

ಒಂದನೇ ತರಗತಿಯ ಪ್ರಶ್ನೆ. 2025–26ನೇ ಸಾಲಿಗೆ ರಾಜ್ಯ ಸರ್ಕಾರ ಆರು ವರ್ಷದ ನಿಯಮವನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತ್ತು. ನೀವು ಸೇರಿಸುವ ವರ್ಷದ ನಿಯಮವನ್ನು ಶಾಲೆಯಲ್ಲಿ ವಿಚಾರಿಸಿಕೊಳ್ಳಿ. ನಿಯಮ ಬಿಟ್ಟುಕೊಟ್ಟರೂ ಆರು ತುಂಬಿದ ಮೇಲೆ ಸೇರಿಸುವುದೇ ಮೇಲು ಎಂಬುದು ನನ್ನ ಅಭಿಮತ. ನ್ಯೂಜಿಲೆಂಡಿನಲ್ಲಿ ಐದಕ್ಕೆ ಓದು ಶುರುಮಾಡಿದ ಮಕ್ಕಳನ್ನೂ ಏಳಕ್ಕೆ ಶುರುಮಾಡಿದ ಮಕ್ಕಳನ್ನೂ ಹೋಲಿಸಿದಾಗ ಹತ್ತು ಹನ್ನೊಂದು ವರ್ಷದ ಹೊತ್ತಿಗೆ ಓದಿನಲ್ಲಿ ಅಂತರ ಉಳಿದಿರಲಿಲ್ಲ. ಬೇಗ ಸೇರಿಸುವುದಕ್ಕೆ ಬೇರೆಯದೇ ಬೆಲೆಯಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ದಾಖಲೆಗಳ ಪ್ರಕಾರ, ತರಗತಿಯಲ್ಲಿ ಎಲ್ಲರಿಗಿಂತ ಕಿರಿಯರಾದ, ಅಂದರೆ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಜನವರಿಯಲ್ಲಿ ಹುಟ್ಟಿದವರಿಗಿಂತ ಶೇ 30ರಷ್ಟು ಹೆಚ್ಚಾಗಿ ‘ಎಡಿಎಚ್‌ಡಿ’ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಎಂಬ ರೋಗನಿರ್ಣಯ ಅಂಟಿತ್ತು ಎಂದು 2012ರಲ್ಲಿ ಪ್ರಕಟವಾಯಿತು. ಹನ್ನೊಂದು ತಿಂಗಳು ಚಿಕ್ಕವರಾಗಿದ್ದದ್ದೇ ಅವರ ಕಾಯಿಲೆ. ಕಾಯುವ ಆ ಒಂದು ವರ್ಷವನ್ನು ಯುಕೆಜಿಯಲ್ಲಿ ಮತ್ತದೇ ಕಾಪಿ ಬರೆಸುತ್ತಾ ಕಳೆಯುವುದಾದರೆ ಮಾತ್ರ ಕಾಯುವುದರಲ್ಲೂ ಅರ್ಥವಿಲ್ಲ. ಆಟ, ಕಥೆ, ಮಣ್ಣು, ಅಳಗುಳಿ ಮಣೆಯ ಹುಣಸೆಬೀಜ ಇರುವ ಕಡೆ ಕಳೆಯಲಿ.

ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು ಬೇರೆಯೇ ಇವೆ. ಹಿಂದಿನಿಂದ ಕರೆದರೆ ತಿರುಗದಿರುವುದು, ಟಿವಿಗೆ ತೀರಾ ಹತ್ತಿರ ಕೂರುವುದು ಅಥವಾ ಕಣ್ಣು ಓರೆಯಾಗುವುದು, ಅಪರಿಚಿತರಿಗೆ ಅವನ ಮಾತು ಅರ್ಥವಾಗದಿರುವುದು, ಕಣ್ಣಲ್ಲಿ ಕಣ್ಣಿಟ್ಟು ಆಡದಿರುವುದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಬರುತ್ತಿದ್ದ ಮಾತೋ ಕೆಲಸವೋ ಹೊರಟುಹೋಗುವುದು. ಇವುಗಳಲ್ಲಿ ಒಂದಿದ್ದರೂ ಆರು ವರ್ಷವಾಗಲಿ ಎಂದು ಕಾಯಬೇಡಿ. ಮಕ್ಕಳ ತಜ್ಞರಲ್ಲಿ ತೋರಿಸಿ. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಿವೆ, ಮಾತು–ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಕಲಿಕೆ–ನಡವಳಿಕೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಅಂಕಿ ತಿರುಗಿಸುವುದು ಮಾತ್ರ ಎಂಟು ವರ್ಷ ದಾಟಿದ ಮೇಲೂ ಮುಂದುವರಿದು, ಜೊತೆಗೆ ಓದೂ ಹತ್ತದೇ ಇದ್ದರೆ ಆಗ ತೋರಿಸಿದರೆ ಸಾಕು.

ಕೊನೆಯದಾಗಿ, ದೋಸೆ ಒಂದೇ ಎಂದು ಅವನಿಗೆ ತಿದ್ದಿ ಹೇಳಬೇಕೇ ಎಂದು ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿದ್ದೀತು. ಹೇಳಿ ಪ್ರಯೋಜನವಿಲ್ಲ, ಒಪ್ಪುವುದಿಲ್ಲ. ಬೇಕಿದ್ದರೆ ತುಂಡುಗಳನ್ನು ತಟ್ಟೆಯಲ್ಲಿ ಮತ್ತೆ ಜೋಡಿಸಿಟ್ಟು ‘ಈಗ ಎಷ್ಟು?’ ಎಂದು ಕೇಳಿ, ಅವನು ಕೊಡುವ ಕಾರಣವನ್ನು ಕೇಳಿಸಿಕೊಳ್ಳಿ. ಇನ್ನಾರು ತಿಂಗಳಿಗೋ ವರ್ಷಕ್ಕೋ ಒಂದು ಬೆಳಿಗ್ಗೆ ಅವನೇ ತಟ್ಟೆ ನೋಡಿ, ‘ಅಮ್ಮ, ನೀನು ಒಂದನ್ನೇ ಹರಿದು ಕೊಟ್ಟಿದ್ದೀಯ’ ಎನ್ನುತ್ತಾನೆ. ಆಗ ನೀವು ಎರಡನೆಯ ದೋಸೆ ಹೊಯ್ಯಲೇಬೇಕಾಗುತ್ತದೆ.